ಊರು ನೋಡಿ ಮನೆ ಕಟ್ಟುವುದು: ದುರ್ಗ, ದಾವಣಗೆರೆಯಲ್ಲಿ ವಿನ್ಯಾಸ ಹುಡುಕುವ ಬಗೆ

30×40 ಸೈಟಿನಲ್ಲಿ ಮನೆ ಕಟ್ಟಲು ಹೊರಟವರು ಇಂಜಿನಿಯರ್ ಎದುರು ಕೂತಾಗ ಮೊದಲು ಹೊರಬರುವುದು ಫೋನು. ಪಿಂಟರೆಸ್ಟಿನಲ್ಲಿ ಉಳಿಸಿಟ್ಟ ಚಿತ್ರಗಳು, ಇನ್‌ಸ್ಟಾಗ್ರಾಮಿನ ರೀಲುಗಳು. ಅವುಗಳಲ್ಲಿ ಬಹುಪಾಲು ಬಿಸಿಲನ್ನು ಒಳಗೆ ಕರೆಯಲು ಒದ್ದಾಡುವ ಊರುಗಳ ಮನೆಗಳು. ನಮ್ಮದು ಬಿಸಿಲನ್ನು ಹೊರಗಿಡಲು ಒದ್ದಾಡುವ ಸೀಮೆ. ಆ ಚಿತ್ರದ ದೊಡ್ಡ ಗಾಜಿನ ಗೋಡೆಯನ್ನು ದಾವಣಗೆರೆಯ ಮನೆಯೊಂದರ ಪಶ್ಚಿಮ ಬದಿಗೆ ತಂದು ನಿಲ್ಲಿಸಿದರೆ ಮೊದಲ ಏಪ್ರಿಲ್‌ನಲ್ಲೇ ಪರದೆ ಬರುತ್ತದೆ, ಮರುವರ್ಷ ಎಸಿ ಬರುತ್ತದೆ.

ದುರ್ಗಕ್ಕೂ (ಚಿತ್ರದುರ್ಗ) ದಾವಣಗೆರೆಗೂ ನಡುವೆ ಸುಮಾರು 60 ಕಿ.ಮೀ. ಈ ಪಟ್ಟಿಯಲ್ಲೇ ಕಲ್ಲಿನ ಕೋಟೆ, ಪುಷ್ಕರಣಿ, ಮಣ್ಣಿನ ಚಪ್ಪಟೆ ಛಾವಣಿಯ ಮಾಳಿಗೆ ಮನೆ, ಸಗಟು ವ್ಯಾಪಾರದ ಮಂಡಿ ಅಂಗಡಿ, ಮಂಡಕ್ಕಿ ಭಟ್ಟಿ, ದೋಸೆ ಹೋಟೆಲ್ ಎಲ್ಲ ಇವೆ. ಇವನ್ನು ನೋಡುವುದಕ್ಕೆ ಒಂದು ಕ್ರಮ ಬೇಕು. ಚಂದ ಕಂಡದ್ದರ ಫೋಟೋ ತೆಗೆದುಕೊಂಡು ಬಂದರೆ ಕೈಗೆ ಸಿಗುವುದು ಆಕಾರ ಮಾತ್ರ. ಅದು ಯಾಕೆ ಹಾಗಿದೆ ಎಂಬ ಕಾರಣವನ್ನೂ ಅಳತೆಯನ್ನೂ ಬರೆದುಕೊಂಡು ಬಂದರೆ ಅದನ್ನು ನಿಮ್ಮ ಮನೆಗೆ ಬೇರೆ ಆಕಾರದಲ್ಲೂ ಬಳಸಬಹುದು.

ಚೀಲದಲ್ಲಿ ಏನಿರಬೇಕು

5 ಮೀಟರಿನ ಟೇಪು, ಚೌಕುಳಿ ಗೆರೆಯ ನೋಟುಬುಕ್ಕು, ಪೆನ್ಸಿಲ್, ಒಂದು ಬಿಳಿ ಎ4 ಹಾಳೆ, ಫೋನು. ಇಷ್ಟು ಸಾಕು. ಫೋನಿನಲ್ಲಿ ದಿಕ್ಸೂಚಿ ಇದೆಯೇ ನೋಡಿಕೊಳ್ಳಿ; ದಿಕ್ಕು ಬರೆಯದ ಟಿಪ್ಪಣಿ ಅರ್ಧ ಟಿಪ್ಪಣಿ. ಮನೆ ಬಿಡುವ ಮುಂಚೆ ನಿಮ್ಮ ಗೇಣು ಎಷ್ಟು ಇಂಚು, ಹೆಜ್ಜೆ ಎಷ್ಟು ಅಡಿ, ಕಣ್ಣಿನ ಮಟ್ಟ ನೆಲದಿಂದ ಎಷ್ಟು ಎತ್ತರ ಎಂದು ಅಳೆದು ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ಟೇಪು ಬಿಚ್ಚಲಾಗದ ಕಡೆ, ಅಂದರೆ ಜನ ತುಂಬಿದ ಹೋಟೆಲಿನಲ್ಲಿ, ದೇವಸ್ಥಾನದಲ್ಲಿ, ಗೇಣು ಕೆಲಸಕ್ಕೆ ಬರುತ್ತದೆ.

ಒಂದು ವಸ್ತುವಿಗೆ ಮೂರು ಫೋಟೋ ತೆಗೆಯಿರಿ: ದೂರದಿಂದ ಸುತ್ತಲಿನ ಜಾಗ ಸೇರಿಸಿ ಒಂದು, ಎದುರು ನಿಂತು ನೇರ ಒಂದು, ಹತ್ತಿರದಿಂದ ಒಂದು. ಹತ್ತಿರದ್ದರಲ್ಲಿ ಅಳತೆಗಾಗಿ ಎಟಿಎಂ ಕಾರ್ಡನ್ನು ಪಕ್ಕದಲ್ಲಿ ಹಿಡಿಯಿರಿ. ಅದರ ಉದ್ದ ಎಲ್ಲ ಬ್ಯಾಂಕಿನದೂ 8.56 ಸೆಂ.ಮೀ., ಅಗಲ 5.4 ಸೆಂ.ಮೀ.; ನಂಬರಿನ ಬದಿ ಕೆಳಗಿರಲಿ. 0.5 ಎಕ್ಸ್ ಲೆನ್ಸ್ ಬೇಡ, ಅಂಚಿನಲ್ಲಿರುವುದನ್ನೆಲ್ಲ ಅದು ಎಳೆದು ಅಗಲ ಮಾಡುತ್ತದೆ. ಹಾಗೆ ತೆಗೆದ ಕಂಬ ನೋಡಿ ಮನೆಗೆ ಕಂಬ ಮಾಡಿಸಿದರೆ ಅದು ಡೊಳ್ಳು ಹೊಟ್ಟೆಯದಾಗುತ್ತದೆ. ಬಣ್ಣ ಮುಖ್ಯವಾದ ಕಡೆ ಬಿಳಿ ಹಾಳೆಯನ್ನು ಚೌಕಟ್ಟಿನೊಳಗೆ ಇಟ್ಟು ತೆಗೆಯಿರಿ. ಆಮೇಲೆ ಹಾಳೆ ಹಳದಿಯಾಗಿ ಕಂಡರೆ ಫೋಟೋದ ಬಣ್ಣವೆಲ್ಲ ಅಷ್ಟೇ ಹಳದಿಗೆ ಜಾರಿದೆ ಎಂದು ಗೊತ್ತಾಗುತ್ತದೆ.

ಎತ್ತರದ ದೀಪಸ್ತಂಭವನ್ನೋ ಕೋಟೆ ಗೋಡೆಯನ್ನೋ ಅಳೆಯಲು ನೆರಳು ಬಳಸಿ. ಸಮತಟ್ಟಾದ ನೆಲದಲ್ಲಿ 3 ಅಡಿ ಕೋಲನ್ನು ನೆಟ್ಟಗೆ ಹಿಡಿದಾಗ ಅದರ ನೆರಳು 2 ಅಡಿ ಇದ್ದು, ಅದೇ ಹೊತ್ತಿಗೆ ಕಂಬದ ನೆರಳು 20 ಅಡಿ ಇದ್ದರೆ ಕಂಬ 30 ಅಡಿ. ನೆಲ ಇಳಿಜಾರಾಗಿದ್ದರೆ ಈ ಲೆಕ್ಕ ಕೆಡುತ್ತದೆ, ಕೋಟೆಯ ಮೇಲೆ ಇದೇ ತೊಂದರೆ. ಅಲ್ಲಿ ಎತ್ತರ ಗೊತ್ತಿರುವ ಒಬ್ಬರನ್ನು ಗೋಡೆಗೆ ಒರಗಿ ನಿಲ್ಲಿಸಿ ಫೋಟೋ ತೆಗೆಯುವುದೇ ಸುಲಭ.

ಮೊದಲು ಮಂಡಿಪೇಟೆ, ಆಮೇಲೆ ಕೋಟೆ

ಹೊಸಬರು ನೇರ ಕೋಟೆಗೆ ಹೋಗುತ್ತಾರೆ. ಅಲ್ಲಿ ಎಲ್ಲವೂ ದೊಡ್ಡದು, ಕಣ್ಣು ಬೆರಗಾಗಿ ಏನೂ ಕಾಣುವುದಿಲ್ಲ. ಅಂಗಡಿ ಬೀದಿಯಲ್ಲಿ ಕಣ್ಣು ಪಳಗಿಸಿಕೊಂಡು ಹೋಗುವುದು ಒಳ್ಳೆಯದು.

ಅಂಗಡಿ ಬೀದಿಯಲ್ಲಿ ಹುಡುಕಬೇಕಾದ್ದು ಸವೆದ ಜಾಗ ಮತ್ತು ತೇಪೆ ಹಾಕಿದ ಜಾಗ. ಹೊಸ್ತಿಲು ನಡುವೆ ಸವೆಯದೆ ಬಲಗಡೆ ಸವೆದಿದ್ದರೆ ಜನ ಆ ಕಡೆಯಿಂದಲೇ ಹೊಗುತ್ತಾರೆ. ಬಾಗಿಲನ್ನು ಇಟ್ಟ ಜಾಗಕ್ಕೂ ಜನ ನಡೆಯುವ ದಾರಿಗೂ ಹೊಂದಿಕೆ ತಪ್ಪಿದೆ. ಗೋಡೆಯ ಒಂದೇ ಎತ್ತರದಲ್ಲಿ ಎಣ್ಣೆಗೈ ಗುರುತು ಇದ್ದರೆ ಅಲ್ಲೊಂದು ಹಿಡಿಕೆ ಬೇಕಿತ್ತು. ಬಾಗಿಲು ಬಡಿಯದಂತೆ ಇಟ್ಟಿಗೆ ಇಟ್ಟಿದ್ದರೆ, ಸ್ವಿಚ್ಚಿಗೆ ದಾರ ಕಟ್ಟಿದ್ದರೆ, ಕೌಂಟರಿನ ಕೆಳಗೆ ಹಲಗೆ ತುಂಡು ತುರುಕಿ ಎತ್ತರಿಸಿದ್ದರೆ ಅವೆಲ್ಲ ದಿನವೂ ಬಳಸುವವರು ಮಾಡಿಕೊಂಡ ತಿದ್ದುಪಡಿಗಳು. ವಾಸ್ತುಶಿಲ್ಪಿಯ ನಕ್ಷೆಗಿಂತ ಇವು ಹೆಚ್ಚು ಕಲಿಸುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಹಳೆಯ ಮಂಡಿ ಅಂಗಡಿಯ ಕಟ್ಟೆಯನ್ನೇ ತೆಗೆದುಕೊಳ್ಳಿ. ಬೀದಿ ಮಟ್ಟದಿಂದ ಅದರ ಎತ್ತರ ಅಳೆಯಿರಿ, ಪಕ್ಕದಲ್ಲಿ ನಿಂತ ಗಾಡಿಯ ಹಲಗೆಯ ಎತ್ತರವನ್ನೂ ಅಳೆಯಿರಿ. ಎರಡೂ ಹತ್ತಿರ ಹತ್ತಿರ ಬಂದರೆ ಕಾರಣ ಅಲ್ಲೇ ಇದೆ: ಹಮಾಲಿ ಮೂಟೆಯನ್ನು ಇಳಿಸಿ ಮತ್ತೆ ಎತ್ತಬೇಕಿಲ್ಲ, ಅಡ್ಡಕ್ಕೆ ಎಳೆದರೆ ಸಾಕು. ಈಗ ಇದನ್ನು ಮನೆಗೆ ತನ್ನಿ. ಸಂತೆಯಿಂದ ಬಂದವರು ಎರಡೂ ಕೈಯಲ್ಲಿ ಚೀಲ ಹಿಡಿದು ಬೀಗದ ಮುಂದೆ ನಿಲ್ಲುತ್ತಾರೆ. ಬಾಗಿಲಿನ ಪಕ್ಕ 30 ಇಂಚು ಎತ್ತರದಲ್ಲಿ 10 ಇಂಚು ಅಗಲದ, 18 ಇಂಚು ಉದ್ದದ ಒಂದು ಕಲ್ಲು ಹಲಗೆ ಹಾಕಿದರೆ ಚೀಲ ಅಲ್ಲಿ ಕೂರುತ್ತದೆ. ಮಂಡಿಯ ಕಟ್ಟೆಗೂ ಈ ಹಲಗೆಗೂ ಆಕಾರದಲ್ಲಿ ಸಂಬಂಧವೇ ಇಲ್ಲ, ಕಾರಣ ಮಾತ್ರ ಒಂದೇ. ಹಲಗೆ ಬಾಗಿಲು ತೆರೆಯುವ ಕಡೆ ಇರಬೇಕು, ಕೀಲಿನ ಕಡೆ ಅಲ್ಲ. ಗೋಡೆಯೊಳಗೆ ಕನಿಷ್ಠ 4 ಇಂಚು ಹೂತಿರಬೇಕು, ಇಲ್ಲದಿದ್ದರೆ ಮಕ್ಕಳು ಹತ್ತಿ ಕೂತ ದಿನ ಕಳಚುತ್ತದೆ.

ದೋಸೆ ಹೋಟೆಲ್, ಮಂಡಕ್ಕಿ ಭಟ್ಟಿ

ಬೆಣ್ಣೆ ದೋಸೆ ಹೋಟೆಲನ್ನು ನೋಡಬೇಕಾದ್ದು ನೂಕುನುಗ್ಗಲಿನ ಹೊತ್ತಿನಲ್ಲಿ, ಅಳೆಯಬೇಕಾದ್ದು ಅದು ಇಳಿದ ಮೇಲೆ. ಹಂಚಿನ ಮುಂದೆ ನಿಂತವರ ಕೈಗೆ ಹಿಟ್ಟು, ಬೆಣ್ಣೆ, ಪಲ್ಯ, ತಟ್ಟೆ ಯಾವ ಕ್ರಮದಲ್ಲಿ, ಎಷ್ಟು ದೂರದಲ್ಲಿ ಸಿಗುತ್ತವೆ? ಎಷ್ಟಕ್ಕೆ ಕಾಲು ಕದಲಿಸಬೇಕಾಗುತ್ತದೆ? ನೋಟುಬುಕ್ಕಿನಲ್ಲಿ ಒಲೆಯನ್ನು ನಡುವೆ ಬರೆದು ಸುತ್ತ ಬಾಣ ಹಾಕುತ್ತ ಹೋಗಿ. ಹತ್ತು ನಿಮಿಷದಲ್ಲಿ ಒಂದು ಅಡುಗೆಮನೆಯ ನಕ್ಷೆ ಸಿದ್ಧ. ನಿಂತ ಜಾಗದಿಂದ ಕೈಗೆಟಕುವ ವಸ್ತುಗಳು ಸುಮಾರು 2 ಅಡಿಯೊಳಗೆ ಇರುತ್ತವೆ. ಅದರಾಚೆಯದ್ದಕ್ಕೆ ಮೈ ಬಾಗಬೇಕು. ನಿಮ್ಮ ಮನೆಯಲ್ಲಿ ಉಪ್ಪು, ಎಣ್ಣೆ, ಸೌಟು ಈ ವೃತ್ತದೊಳಗಿವೆಯೇ ನೋಡಿ.

ಕಟ್ಟೆಯ ಎತ್ತರದ ವಿಷಯದಲ್ಲಿ ಹೋಟೆಲಿನ ಅಳತೆಯನ್ನು ಹಾಗೇ ತರಬೇಡಿ, ಅಲ್ಲಿ ನಿಲ್ಲುವವರ ಎತ್ತರ ಬೇರೆ. ಮನೆಯಲ್ಲಿ ಹೆಚ್ಚು ಅಡುಗೆ ಮಾಡುವವರ ಮೊಣಕೈ ನೆಲದಿಂದ ಎಷ್ಟು ಎತ್ತರ ಇದೆಯೋ ಅದರಲ್ಲಿ 4ರಿಂದ 5 ಇಂಚು ಕಳೆಯಿರಿ. 5 ಅಡಿ ಎತ್ತರದವರಿಗೆ ಇದು 33 ಇಂಚಿನ ಆಸುಪಾಸು ಬರುತ್ತದೆ. ರೊಟ್ಟಿ ತಟ್ಟುವ ಮನೆಯಾದರೆ ಕಟ್ಟೆಯ ಒಂದು ತುದಿಯ 2 ಅಡಿಯನ್ನು 29–30 ಇಂಚಿಗೆ ಇಳಿಸಿ; ತಟ್ಟುವಾಗ ಭಾರವೆಲ್ಲ ಭುಜದಿಂದ ಬರುತ್ತದೆ, ಕಟ್ಟೆ ಎತ್ತರವಾದರೆ ಹೆಗಲು ಹಿಡಿಯುತ್ತದೆ. ಮಾಡ್ಯುಲರ್ ಕಿಚನ್ ಮಾರುವವರು ಈ ತಗ್ಗಿನ ತುದಿಯನ್ನು ಒಪ್ಪುವುದಿಲ್ಲ, ಅವರ ಪೆಟ್ಟಿಗೆಗಳ ಅಳತೆಗೆ ಅದು ಹೊಂದುವುದಿಲ್ಲ. ಹಟ ಹಿಡಿಯಿರಿ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ನೋಡಬೇಕಾದ್ದು ಛಾವಣಿ. ಕಾದ ಮರಳಿನಲ್ಲಿ ಅಕ್ಕಿ ಅರಳಿಸುವ ಜಾಗ. ಬಿಸಿ ಗಾಳಿ, ಹೊಗೆ ಎಲ್ಲಿಂದ ಹೊರಗೆ ಹೋಗುತ್ತವೆ, ತಣ್ಣನೆಯ ಗಾಳಿ ಎಲ್ಲಿಂದ ಒಳಗೆ ಬರುತ್ತದೆ ಎಂದು ಗುರುತಿಸಿ. ಮಾಲೀಕರನ್ನು ಕೇಳಿಯೇ ಒಳಗೆ ಹೋಗಿ, ಕೆಲಸಗಾರರ ಮುಖ ಫೋಟೋದಲ್ಲಿ ಬೇಡ, ಬರುವಾಗ ಮಂಡಕ್ಕಿ ಕೊಂಡು ಬನ್ನಿ. ಕಾರಣ ಸರಳ: ಬಿಸಿ ಗಾಳಿ ಮೇಲೇರುತ್ತದೆ, ಮೇಲೆ ಬಾಯಿ ಇಲ್ಲದಿದ್ದರೆ ಅಲ್ಲೇ ಕೂರುತ್ತದೆ. ಈಗಿನ ಮನೆಗಳಲ್ಲಿ ಲಿಂಟಲ್ (ಬಾಗಿಲು ಕಿಟಕಿಗಳ ಮೇಲಿನ ತೊಲೆ) 7 ಅಡಿಗೆ, ಮೋಲ್ಡ್ (ಕಾಂಕ್ರೀಟ್ ಛಾವಣಿ) 10 ಅಡಿಗೆ. ನಡುವಿನ 3 ಅಡಿಯಲ್ಲಿ ಮಧ್ಯಾಹ್ನದ ಬಿಸಿಯೆಲ್ಲ ನಿಂತು ರಾತ್ರಿ ಫ್ಯಾನು ಅದನ್ನೇ ಕೆಳಗೆ ತಳ್ಳುತ್ತದೆ. ಹಳೆ ಮನೆಗಳಲ್ಲಿದ್ದ ವೆಂಟಿಲೇಟರನ್ನು ಮತ್ತೆ ತನ್ನಿ: 2 ಅಡಿ ಅಗಲ, 1 ಅಡಿ ಎತ್ತರ, ಮೋಲ್ಡಿನಿಂದ 6 ಇಂಚಿನೊಳಗೆ, ಎದುರು ಬದುರು ಗೋಡೆಯಲ್ಲಿ. ಸೊಳ್ಳೆ ಜಾಲರಿ ಹಾಕುವುದಾದರೆ ಅಗಲವನ್ನು 3 ಅಡಿ ಮಾಡಿ, ಜಾಲರಿ ಗಾಳಿಯನ್ನು ಸಾಕಷ್ಟು ತಡೆಯುತ್ತದೆ. ಒಂದೇ ಗೋಡೆಯಲ್ಲಿ ಇಟ್ಟ ವೆಂಟಿಲೇಟರು ಜೇಡ ಸಾಕಲಷ್ಟೇ ಉಪಯೋಗ.

ಕೋಟೆಯಲ್ಲಿ ಏನು ನೋಡಬೇಕು

ಚಿತ್ರದುರ್ಗದ ಏಳು ಸುತ್ತಿನ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕಲ್ಲಿನ ಮೇಲೆ ಸೀಮೆಸುಣ್ಣದ ಗುರುತು ಹಾಕುವುದು, ಹಾಳೆ ಒತ್ತಿ ಉಜ್ಜಿ ಅಚ್ಚು ತೆಗೆಯುವುದು ಬೇಡವೇ ಬೇಡ. ಟ್ರೈಪಾಡ್ ಬಳಸಲು ಅನುಮತಿ ಬೇಕು. ಬೆಳಿಗ್ಗೆ ಬೇಗ ಹೋಗಿ; ಬಿಸಿಲು ಓರೆಯಾಗಿ ಬಿದ್ದಾಗ ಕಲ್ಲಿನ ಮೈ ಎದ್ದು ಕಾಣುತ್ತದೆ, ಮಧ್ಯಾಹ್ನ ಎಲ್ಲ ಒಂದೇ ಬಿಳುಪು.

ಮೊದಲು ಬಾಗಿಲುಗಳು. ಒಂದು ಬಾಗಿಲಲ್ಲಿ ನಿಂತು ನೋಡಿ, ಮುಂದಿನ ಬಾಗಿಲು ಕಾಣುವುದಿಲ್ಲ. ದಾರಿ ಎತ್ತರದ ಗೋಡೆಗಳ ನಡುವೆ ತಿರುಗಿ ಹೋಗುತ್ತದೆ. ನುಗ್ಗಿ ಬಂದ ಸೈನ್ಯಕ್ಕೆ ಓಟದ ಬಿರುಸು ಸಿಗಬಾರದು, ಆನೆಗೆ ಬಾಗಿಲು ಗುದ್ದಲು ನೇರ ದಾರಿ ಸಿಗಬಾರದು, ತಿರುವಿನಲ್ಲಿ ನಿಂತವರ ಮೇಲೆ ಮೇಲಿನಿಂದ ದಾಳಿ ಮಾಡಲು ಆಗಬೇಕು. ಹೆಜ್ಜೆ ಹಾಕುತ್ತ ನಕ್ಷೆ ಬರೆಯಿರಿ: ಇಷ್ಟು ಹೆಜ್ಜೆ ನೇರ, ಇಲ್ಲಿ ಎಡಕ್ಕೆ, ಇಷ್ಟು ಅಗಲ. ತಿರುವಿನಲ್ಲಿ ನಿಂತು ಹಿಂದೆ ಮುಂದೆ ಒಂದೊಂದು ಫೋಟೋ.

ಮನೆಗೆ ಆನೆ ಬರುವುದಿಲ್ಲ, ಬೀದಿಯ ಕಣ್ಣು ಬರುತ್ತದೆ. ಗೇಟು, ತಲೆಬಾಗಿಲು, ನಡುಮನೆ, ಅಡುಗೆಮನೆ ಒಂದೇ ಗೆರೆಯಲ್ಲಿದ್ದರೆ ರಸ್ತೆಯಲ್ಲಿ ಹೋಗುವವರಿಗೆ ಒಲೆಯ ಮೇಲೇನಿದೆ ಎಂಬುದೂ ಕಾಣುತ್ತದೆ. ಬಾಗಿಲಿನಿಂದ 4 ಅಡಿ ಒಳಗೆ 4 ಅಡಿ ಅಗಲದ ಅಡ್ಡಗೋಡೆ ನಿಲ್ಲಿಸಿದರೆ ಅದೇ ತಿರುವು ಸಿಗುತ್ತದೆ. 6½ ಅಡಿ ಎತ್ತರ ಸಾಕು, ಮೇಲೆ ತೆರೆದಿದ್ದರೆ ಗಾಳಿ ಬೆಳಕಿಗೆ ಅಡ್ಡಿಯಿಲ್ಲ. ಎಡವುವುದು ಅಗಲದಲ್ಲಿ. ತಿರುವಿನ ಎರಡೂ ಕಡೆ 4 ಅಡಿ ಬಿಡದಿದ್ದರೆ ಬೀರು, ಫ್ರಿಜ್ಜು ತಿರುಗುವುದಿಲ್ಲ. ಕಾಯಿಲೆಯವರನ್ನು ಸ್ಟ್ರೆಚರಿನಲ್ಲಿ ಒಯ್ಯುವ ದಿನ ಇನ್ನೂ ಕಷ್ಟ. ತಲೆಬಾಗಿಲಿಗೆ ಎದುರಾಗಿ ಗೋಡೆ ಬೇಡ ಎಂದು ಮನೆಯ ಹಿರಿಯರು ವಾಸ್ತು ಹೇಳಿದರೆ ಗೋಡೆಯ ಬದಲು ಜಾಲಿ, ಅಂದರೆ ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟಿದ ತಡಿಕೆ, ಇಡಿ. ಬೆಳಕಿರುವ ಬೀದಿಯಿಂದ ಮಬ್ಬಿರುವ ಮನೆಯೊಳಕ್ಕೆ ಜಾಲಿಯ ಮೂಲಕ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ರಾತ್ರಿ ಒಳಗೆ ದೀಪ ಹಾಕಿದಾಗ ಲೆಕ್ಕ ತಿರುಗುಮುರುಗಾಗುತ್ತದೆ, ಅದಕ್ಕೊಂದು ಪರದೆ ಇರಲಿ.

ಇನ್ನು ಗೋಡೆ. ಕೆಳಗೆ ದೊಡ್ಡ ಕಲ್ಲು, ಮೇಲೆ ಹೋದಂತೆ ಚಿಕ್ಕದು. ಬಂಡೆ ಎದ್ದಿರುವ ಕಡೆ ಗೋಡೆ ಬಂಡೆಯನ್ನು ಒಡೆಯದೆ ಅದರ ಮೇಲೆಯೇ ಹತ್ತಿ ಕೂತಿದೆ. ಇಲ್ಲಿಂದ ಕಲಿಯಬೇಕಾದ್ದು ಸೈಟಿನಲ್ಲಿರುವುದನ್ನು ಬಳಸಿಕೊಳ್ಳುವ ಬುದ್ಧಿ. ದುರ್ಗದ ಎಷ್ಟೋ ಸೈಟುಗಳಲ್ಲಿ ಪಾಯ ತೆಗೆಯುವಾಗ ಬಂಡೆ ಸಿಗುತ್ತದೆ, ಸಿಡಿಸಲು ದುಡ್ಡು ಸುರಿಯುತ್ತಾರೆ. ಅದನ್ನು ಅಂಗಳದ ಕಟ್ಟೆಯಾಗಿ, ಮೆಟ್ಟಿಲಿನ ಬುಡವಾಗಿ ಉಳಿಸಿಕೊಳ್ಳಲು ಆಗುವುದೇ ಎಂದು ಇಂಜಿನಿಯರನ್ನು ಕೇಳುವುದಕ್ಕೆ ಖರ್ಚಿಲ್ಲ. ಪಾಯದ ಅರ್ಧ ಬಂಡೆಯ ಮೇಲೆ, ಅರ್ಧ ಮಣ್ಣಿನ ಮೇಲೆ ಕೂರುವಂತೆ ಮಾತ್ರ ಬಿಡಬೇಡಿ. ಮಣ್ಣಿನ ಕಡೆ ಕುಸಿದು ಗೋಡೆ ಓರೆಯಾಗಿ ಬಿರಿಯುತ್ತದೆ.

ಬಂಡೆಗಳ ಮೇಲೆ ಸಾಲಾಗಿ ಕೊರೆದ ಚೌಕ ಗುಂಡಿಗಳನ್ನು ಗಮನಿಸಿ. ಕಲ್ಲು ಸೀಳಲು ಬೆಣೆ ಹೊಡೆದ ಗುರುತು ಅದು. ಗುಂಡಿಯ ಉದ್ದ, ನಡುವಿನ ಅಂತರ ಬರೆದುಕೊಳ್ಳಿ. ಕಾಂಪೌಂಡಿಗೆ ಸೈಜುಗಲ್ಲು ತರಿಸುವಾಗ ಈ ಗುರುತಿರುವ ಮುಖವನ್ನು ಹೊರಗೆ ಬರುವಂತೆ ಇಡಿಸಿದರೆ ಹೆಚ್ಚು ಖರ್ಚಿಲ್ಲದೆ ಗೋಡೆಗೊಂದು ಸಾಲು ಚಿತ್ತಾರ ಬರುತ್ತದೆ. ಒರಟು ಮುಖದ ಕಲ್ಲನ್ನು 4 ಅಡಿಗಿಂತ ಕಿರಿದಾದ ಓಣಿಯಲ್ಲಿ ಭುಜದ ಎತ್ತರಕ್ಕೆ ಹಾಕಬೇಡಿ, ಮೈ ಕೈ ತರಚುತ್ತದೆ. ಕಲ್ಲಿನ ಹಾಗೆ ಕಾಣಲೆಂದು ಮೇಲಂತಸ್ತಿಗೆ ಕ್ಲಾಡಿಂಗ್ (ಗೋಡೆಗೆ ಹೊದಿಸುವ ಕಲ್ಲಿನ ಹಲಗೆ) ಅಂಟಿಸುವವರು ಲೆಕ್ಕ ಹಾಕಿ ನೋಡಲಿ: 25 ಮಿ.ಮೀ. ದಪ್ಪದ ಗ್ರಾನೈಟ್ ಒಂದು ಚದರ ಅಡಿಗೆ 6 ಕೆ.ಜಿ.ಗೂ ಹೆಚ್ಚು ತೂಗುತ್ತದೆ. ಬರೀ ಸಿಮೆಂಟ್ ಗಾರೆಯಲ್ಲಿ ನಿಂತ ಕಲ್ಲು ಬಿಸಿಲು ಮಳೆಗೆ ಹಿಗ್ಗಿ ಕುಗ್ಗಿ ಒಂದು ದಿನ ಕಳಚಿ ಬೀಳುತ್ತದೆ. ತಲೆಗಿಂತ ಎತ್ತರದಲ್ಲಿ ಸ್ಟೀಲ್ ಕ್ಲಾಂಪ್ ಇಲ್ಲದೆ ಬೇಡ. ಕೋಟೆಯ ಗೋಡೆಯಲ್ಲೂ ದೊಡ್ಡ ಕಲ್ಲು ಕೆಳಗೇ ಇದೆ.

ಕೊನೆಗೆ ಹೊಂಡಗಳು. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ. ಮೇಲಿನದು ತುಂಬಿ ಹರಿದದ್ದು ಕೆಳಗಿನದಕ್ಕೆ ಇಳಿಯುವ ಏರ್ಪಾಡು. ಮಳೆನೀರಿಗೆ ಒಂದೇ ದೊಡ್ಡ ಸಂಪು ತೋಡಿಸುವ ಬದಲು ಎರಡು ಮಾಡಿ, ಮೊದಲನೆಯದರಲ್ಲಿ ಮಣ್ಣು ಕಸ ಕೂತು ಎರಡನೆಯದಕ್ಕೆ ತಿಳಿನೀರು ಹೋಗುವಂತೆ ಮೇಲಿನ ಅಂಚಿನಲ್ಲಿ ಪೈಪು ಕೊಡಿಸಬಹುದು.

ಸಂತೇಬೆನ್ನೂರು, ಹರಿಹರ

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿ 16ನೇ ಶತಮಾನದ್ದು, ಹನುಮಂತಪ್ಪ ನಾಯಕ ಕಟ್ಟಿಸಿದ್ದು. ನಡುವೆ ವಸಂತ ಮಂಟಪ, ಸುತ್ತ ಕೆಳಗಿಳಿಯುವ ಮೆಟ್ಟಿಲು, ದಂಡೆಯಲ್ಲಿ ಚಿಕ್ಕ ಮಂಟಪಗಳು, ಪಕ್ಕದಲ್ಲೇ ಪ್ರಯಾಣಿಕರು ತಂಗುತ್ತಿದ್ದ ಮುಸಾಫಿರ್‌ಖಾನೆ. ಹೋದವರೆಲ್ಲ ನಡುವಿನ ಮಂಟಪದ ಫೋಟೋ ತೆಗೆದು ಬರುತ್ತಾರೆ. ವಿನ್ಯಾಸ ಹುಡುಕುವವರಿಗೆ ಅದಕ್ಕಿಂತ ಮೆಟ್ಟಿಲು ಮುಖ್ಯ.

ಒಂದು ಮೆಟ್ಟಿಲಿನ ಎತ್ತರ, ಅಗಲ ಅಳೆದು, ಅದರ ಮೇಲೆ ಕೂತು ನೋಡಿ, ಆಮೇಲೆ ಹತ್ತಿ ನೋಡಿ. ಕೂರಲು ಹಿತವಾದ ಮೆಟ್ಟಿಲು ಹತ್ತಲು ಹಿತವಾಗಿರುವುದಿಲ್ಲ. ಹತ್ತುವ ಮೆಟ್ಟಿಲಿಗೆ ಲೆಕ್ಕ ಇದೆ: ಎತ್ತರದ ಎರಡು ಪಾಲು ಮತ್ತು ಅಗಲ ಕೂಡಿಸಿದರೆ 24–25 ಇಂಚು ಬರಬೇಕು. 6 ಇಂಚು ಎತ್ತರಕ್ಕೆ 12 ಇಂಚು ಅಗಲ ಸರಿಹೋಗುತ್ತದೆ. ಕೂರಲು 15ರಿಂದ 18 ಇಂಚು ಎತ್ತರ ಬೇಕು. ಅಂಗಳದಲ್ಲೋ ಟೆರೇಸಿನಲ್ಲೋ ಮೆಟ್ಟಿಲಾಸನ ಮಾಡುವ ಆಸೆಯಿದ್ದರೆ 18 ಇಂಚಿನ ಆಸನ ಮಾಡಿ, ಒಂದು ಬದಿಯಲ್ಲಿ ಒಂದೊಂದು ಆಸನಕ್ಕೆ 6 ಇಂಚಿನ ಮೂರು ಮೆಟ್ಟಿಲು ಸೇರಿಸಿ. ಎರಡರ ಅಂಚೂ ಒಂದೇ ಮಟ್ಟಕ್ಕೆ ಬಂದು ನೋಡಲೂ ಅಚ್ಚುಕಟ್ಟು. ಎತ್ತರ 17 ಎಂದೋ 20 ಎಂದೋ ಮನಸ್ಸಿಗೆ ಬಂದಂತೆ ಇಟ್ಟರೆ ಕೊನೆಯ ಮೆಟ್ಟಿಲು ಗಿಡ್ಡವಾಗಿ ಎಲ್ಲರೂ ಅಲ್ಲೇ ಮುಗ್ಗರಿಸುತ್ತಾರೆ. ಮನೆ ಮುಂದೆ ಪುಟ್ಟ ನೀರಿನ ಕೊಳವನ್ನೂ ಮಾಡುವ ಆಸೆ ಹುಟ್ಟಬಹುದು. ಸೊಳ್ಳೆ ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲೇ ತೀರ್ಮಾನ ಮಾಡಿ.

ಹರಿಹರದ ಹರಿಹರೇಶ್ವರ ದೇವಸ್ಥಾನ ಹೊಯ್ಸಳ ಎರಡನೇ ನರಸಿಂಹನ ಕಾಲದ್ದು, 1224ರ ಸುಮಾರಿನದು. ತೆರೆದ ಮಂಟಪದ ಕಡೆದ ಕಂಬಗಳಲ್ಲಿ ಉಬ್ಬು ತಗ್ಗುಗಳ ಮೇಲೆ ಬೆಳಕು ಹೇಗೆ ಪಟ್ಟಿ ಪಟ್ಟಿಯಾಗಿ ಒಡೆಯುತ್ತದೆ ನೋಡಿ. ಕಂಬದ ಹಿಂದೆ ಬೆಳಕಿರುವಂತೆ ನಿಂತು, ಫೋನನ್ನು ಕಂಬದ ನಡುಮಟ್ಟದಲ್ಲಿ ಹಿಡಿದು ತೆಗೆದರೆ ಅಂಚಿನ ಗೆರೆ ಸ್ಪಷ್ಟವಾಗಿ ಸಿಗುತ್ತದೆ. ಮನೆಯಲ್ಲಿ ಅದರ ಮೇಲೆ ಹಾಳೆ ಇಟ್ಟು ತಿದ್ದಿಕೊಳ್ಳಬಹುದು. ಬಡಗಿಗೆ ಕೊಡುವಾಗ ಮಾತ್ರ ಎಲ್ಲ ಉಬ್ಬು ತಗ್ಗನ್ನೂ ಕೊಡಬೇಡಿ. ಕಂಬದಲ್ಲಿ ಒಂದು ಇಂಚಿದ್ದ ಪಟ್ಟಿ ಮೇಜಿನ ಕಾಲಿಗೆ ಇಳಿದಾಗ ಮೂರು ಮಿ.ಮೀ. ಆಗಿ ಪಾಲಿಶ್ ತುಂಬಿ ಮುಚ್ಚಿಹೋಗುತ್ತದೆ. ಮೂರು ಪಟ್ಟಿ ಆಯ್ದುಕೊಳ್ಳಿ, ಉಳಿದದ್ದು ನಯವಾಗಿರಲಿ.

ಮಾಳಿಗೆ ಮನೆಯ ಗೂಡು ಮತ್ತು ಬೆಳಕಿಂಡಿ

ಹಳ್ಳಿಯ ಮಾಳಿಗೆ ಮನೆ ಇನ್ನೂ ಉಳಿದಿದ್ದರೆ ಅರ್ಧ ದಿನ ಅಲ್ಲೇ ಕೂರಿ. ತೊಲೆ, ಜಂತೆ (ತೊಲೆಯ ಮೇಲೆ ಅಡ್ಡ ಹಾಕುವ ಮರ), ಬೋದಿಗೆ (ಕಂಬದ ತಲೆಯ ಮೇಲಿನ ಮರ) ಎಲ್ಲದಕ್ಕೂ ಅಳತೆ ಬರೆಯಿರಿ. ಮನೆಗೆ ತರಲು ಜನ ಹೆಚ್ಚಾಗಿ ಆಸೆಪಡುವುದು ಗೋಡೆಯ ಗೂಡು ಮತ್ತು ಛಾವಣಿಯ ಬೆಳಕಿಂಡಿ, ಹೆಚ್ಚಾಗಿ ಕೆಡುವುದೂ ಇವೇ.

ಹಳೆ ಗೋಡೆ ಒಂದೂವರೆಯಿಂದ ಎರಡು ಅಡಿ ದಪ್ಪ. ಅದರಲ್ಲಿ 9 ಇಂಚು ಆಳದ ಗೂಡು ತೆಗೆದರೂ ಹಿಂದೆ ಸಾಕಷ್ಟು ಗೋಡೆ ಉಳಿಯುತ್ತದೆ. ಈಗಿನ 9 ಇಂಚಿನ ಇಟ್ಟಿಗೆ ಗೋಡೆಯಲ್ಲಿ ಸಿಗುವುದು 4½ ಇಂಚು ಮಾತ್ರ. ಅದರಲ್ಲಿ ಹಣತೆ, ಚಿಕ್ಕ ಮೂರ್ತಿ ಕೂರುತ್ತವೆ, ಪುಸ್ತಕ ಕೂರುವುದಿಲ್ಲ. 6 ಇಂಚಿನ ಬ್ಲಾಕ್ ಗೋಡೆಯಲ್ಲಿ ಗೂಡು ಕೊರೆದರೆ ಹಿಂದೆ ಉಳಿಯುವ 2 ಇಂಚು ಬಿರಿಯುತ್ತದೆ. ಅಲ್ಲಿ ಕಡಪ ಕಲ್ಲಿನ ನಾಲ್ಕು ಹಲಗೆ ಜೋಡಿಸಿ ಗೋಡೆಯಿಂದ ಹೊರಚಾಚಿದ ಪೆಟ್ಟಿಗೆ ಮಾಡಿಸುವುದೇ ಮೇಲು. ಗೂಡಿನ ಅಗಲ 12–15 ಇಂಚು, ಎತ್ತರ 15–18, ತಳ ನೆಲದಿಂದ 4 ಅಡಿ. ಎರಡು ಗೂಡುಗಳ ನಡುವೆ, ಮೂಲೆಯಿಂದಲೂ ಕನಿಷ್ಠ 9 ಇಂಚು ಬಿಡಿ. ಮೇಲೆ ಕಲ್ಲು ಹಲಗೆ ಇರಲಿ, ಇಲ್ಲದಿದ್ದರೆ ಗಾರೆ ಮೂಲೆಯಿಂದ ಸೀಳುತ್ತದೆ. ದೀಪ ಇಡುವ ಗೂಡಾದರೆ ಜ್ವಾಲೆಯ ಮೇಲೆ ಒಂದು ಅಡಿ ಜಾಗ ಬೇಕು, ಕಪ್ಪಾಗದಂತೆ ಒಳಗೆ ಬಣ್ಣದ ಬದಲು ಕಡಪ ಕಲ್ಲು. ಪಿಲ್ಲರಿನಲ್ಲಿ, ಮಳೆ ಹೊಡೆಯುವ ಪಶ್ಚಿಮದ ಹೊರಗೋಡೆಯಲ್ಲಿ ಗೂಡು ಬೇಡ. ವೈರಿಂಗ್ ಪೈಪು ಎಲ್ಲಿ ಬರುತ್ತದೆ ಎಂದು ಎಲೆಕ್ಟ್ರಿಷಿಯನ್ ಜೊತೆ ಮೊದಲೇ ಮಾತಾಡಿ.

ಬೆಳಕಿಂಡಿಗೆ ಸೂರ್ಯನ ಲೆಕ್ಕ ಬೇಕು. ನಮ್ಮ ಎರಡೂ ಊರುಗಳು 14 ಡಿಗ್ರಿ ಉತ್ತರ ಅಕ್ಷಾಂಶ ದಾಟಿದ ಕೂಡಲೇ ಇವೆ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮಧ್ಯಕ್ಕೆ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ನಡುವಿನ ದಿನಗಳಲ್ಲಿ ಮಧ್ಯಾಹ್ನ ಉತ್ತರಕ್ಕೆ ವಾಲಿರುತ್ತಾನೆ. ನಡುಹಗಲು ಎಂದರೂ ಗಡಿಯಾರದ 12 ಅಲ್ಲ, ಕಾಲಕ್ಕೆ ತಕ್ಕಂತೆ 12:10ರಿಂದ 12:40ರ ಒಳಗೆ. ಮಣ್ಣಿನ ಮಾಳಿಗೆಯಲ್ಲಿ ಕಿಂಡಿ ಗೇಣಗಲ ಇದ್ದದ್ದು ಬಡತನಕ್ಕಲ್ಲ, ಅಷ್ಟು ಬೆಳಕು ಸಾಕು, ಅದಕ್ಕಿಂತ ಹೆಚ್ಚು ಬಿಸಿ ಬೇಡ ಎಂದು. ಮೋಲ್ಡಿನಲ್ಲಿ 4×4 ಅಡಿಯ ಚಪ್ಪಟೆ ಗಾಜು ಹಾಕಿಸಿದವರ ನಡುಮನೆ ಏಪ್ರಿಲ್‌ನಲ್ಲಿ ಒಲೆಯಾಗುತ್ತದೆ.

2×2 ಅಡಿ ಸಾಕು. ಸುತ್ತ 9 ಇಂಚು ಎತ್ತರದ ಕಟ್ಟು, ಗಾಜಿಗೆ ಒಂದು ಕಡೆ ಇಳಿಜಾರು, ಲ್ಯಾಮಿನೇಟೆಡ್ ಗಾಜು. ಕಟ್ಟು ಇಲ್ಲದೆ ಮೋಲ್ಡಿನ ಮಟ್ಟಕ್ಕೇ ಗಾಜು ಕೂರಿಸಿದರೆ ಮೊದಲ ಮಳೆಗೇ ಸೋರುತ್ತದೆ. ಇನ್ನೂ ಒಳ್ಳೆಯದು, ಮೇಲೆ ಮುಚ್ಚಿ ಬದಿಯಲ್ಲಿ ನೆಟ್ಟಗೆ ಉತ್ತರಕ್ಕೆ ಗಾಜು ಇಡುವುದು. ಹಳೆ ಮಿಲ್ಲುಗಳ ಗರಗಸ ಹಲ್ಲಿನ ಛಾವಣಿಯ ಉಪಾಯವೇ ಇದು. ಉತ್ತರದ ಗಾಜಿಗೆ ಬಿಸಿಲು ಬೀಳುವುದಿಲ್ಲ ಎಂಬ ಪುಸ್ತಕದ ಮಾತು ದೂರದ ಉತ್ತರ ದೇಶಗಳದ್ದು. ಇಲ್ಲಿ ಜೂನ್‌ನಲ್ಲಿ ಬೀಳುತ್ತದೆ. 4 ಅಡಿ ಎತ್ತರದ ಗಾಜಿಗೆ ಮೇಲೆ 8 ಇಂಚು ಹೊರಚಾಚಿದ ಸಜ್ಜಾ ಕೊಟ್ಟರೆ ನಡುಹಗಲಿನ ಬಿಸಿಲು ನಿಲ್ಲುತ್ತದೆ.

ಸಜ್ಜಾದ ಮಾತು ಬಂದದ್ದರಿಂದ: ದಕ್ಷಿಣದ ಕಿಟಕಿಗೆ 2 ಅಡಿ ಸಜ್ಜಾ ಡಿಸೆಂಬರ್ ನಡುಹಗಲಿನಲ್ಲಿ ಸುಮಾರು 2½ ಅಡಿ ನೆರಳು ಕೊಡುತ್ತದೆ, ಮಾರ್ಚ್‌ನಲ್ಲಿ ಇಡೀ ಕಿಟಕಿಗೆ. ಅದೇ 2 ಅಡಿ ಪಶ್ಚಿಮದಲ್ಲಿ ಮಾರ್ಚ್ ಸಂಜೆ 5ಕ್ಕೆ ಕೊಡುವುದು 10 ಇಂಚು. ಆ ಕಡೆಗೆ ಇಟ್ಟಿಗೆಯ ಜಾಲಿ, ಹೊಂಗೆ ಮರ ಅಥವಾ ಕಿಟಕಿಯೇ ಇಲ್ಲದ ಗೋಡೆ.

ಬಣ್ಣ

ಮೊಳಕಾಲ್ಮೂರಿನ ರೇಷ್ಮೆ ಸೀರೆಯೊಂದನ್ನು ಹಾಸಿ ಅಳೆಯಿರಿ. 46 ಇಂಚು ಅಗಲದ ಸೀರೆಗೆ ಎರಡೂ ಕಡೆ 5 ಇಂಚಿನ ಅಂಚಿದ್ದರೆ ಅಂಚಿನ ಬಣ್ಣ ಐದರಲ್ಲಿ ಒಂದು ಪಾಲು ಮಾತ್ರ. ಗಾಢ ಬಣ್ಣ ಅಷ್ಟರಲ್ಲೇ ಇರುವುದರಿಂದ ಕಣ್ಣಿಗೆ ಹಿತ. ಕೋಣೆಗೂ ಅದೇ ಪಾಲು ಹಾಕಿ: ಗೋಡೆಗಳಿಗೆ ಒಡಲಿನ ಬಣ್ಣ, ಬಾಗಿಲು ಚೌಕಟ್ಟಿಗೆ ಅಂಚಿನದು, ಸೆರಗಿನ ಜರಿ ಒಂದೇ ಒಂದು ಕಡೆ. ಶೇಡ್ ಕಾರ್ಡಿನ ಚಿಕ್ಕ ಚೌಕ ನೋಡಿ ಆರಿಸಿದ ಬಣ್ಣ ಗೋಡೆಯ ತುಂಬ ಬಳಿದಾಗ ಗಾಢವಾಗಿ ಕಾಣುತ್ತದೆ, ಒಂದು ಮೆಟ್ಟಿಲು ತಿಳಿಯದನ್ನು ತೆಗೆದುಕೊಳ್ಳಿ. 2×2 ಅಡಿಗೆ ಎರಡು ಕೋಟು ಬಳಿದು ಬೆಳಿಗ್ಗೆ, ಸಂಜೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ ನೋಡಿದ ಮೇಲೆಯೇ ಬಕೆಟ್ಟು ಕೊಳ್ಳಿ.

ನೋಟುಬುಕ್ಕಿನಿಂದ ಸೈಟಿಗೆ

ತಂದದ್ದರಲ್ಲಿ ಎಲ್ಲವನ್ನೂ ಒಂದೇ ಮನೆಗೆ ತುಂಬುವ ಆಸೆ ಬಿಡಿ. ಪ್ರತಿ ಟಿಪ್ಪಣಿಯ ಎದುರು ಮೂರು ಸಾಲು ಬರೆಯಿರಿ: ಅಲ್ಲಿ ಯಾವ ತೊಂದರೆಗೆ ಪರಿಹಾರ, ನಮ್ಮ ಮನೆಯಲ್ಲಿ ಆ ತೊಂದರೆ ಇದೆಯೇ, ಇದ್ದರೆ ಅಳತೆ ಎಷ್ಟು. ಎರಡನೇ ಸಾಲಿಗೆ ಇಲ್ಲ ಎಂದು ಬಂದದ್ದನ್ನು ಹೊಡೆದು ಹಾಕಿ, ಎಷ್ಟು ಚಂದವಿದ್ದರೂ. ಸಾಮಾನ್ಯವಾಗಿ ಎರಡೋ ಮೂರೋ ಉಳಿಯುತ್ತವೆ, ಒಂದು ಮನೆಗೆ ಅಷ್ಟು ಧಾರಾಳ.

ಉಳಿದದ್ದನ್ನು ನಿಜವಾದ ಅಳತೆಯಲ್ಲಿ ನೋಡಿ. ಅಡ್ಡಗೋಡೆಯನ್ನು ಸೈಟಿನ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಗೀಚಿ, ಇಬ್ಬರು ಮಂಚ ಹಿಡಿದು ಆ ತಿರುವಿನಲ್ಲಿ ತಿರುಗಿ ನೋಡಿ. ಜಗುಲಿಗೂ ಆಸನಕ್ಕೂ ಗಾರೆ ಹಾಕದೆ ಇಟ್ಟಿಗೆ ಪೇರಿಸಿ, ಮನೆಯ ಹಿರಿಯರನ್ನು ಕೂರಿಸಿ ಎಬ್ಬಿಸಿ. ಏಳಲು ಕೈ ಊರಬೇಕಾದರೆ ಒಂದು ವರಸೆ ಏರಿಸಿ. ಗೂಡಿಗೆ ಗೋಡೆಯ ಮೇಲೆ ರಟ್ಟು ಅಂಟಿಸಿ ಎರಡು ದಿನ ಬಿಡಿ. ಜಾಲಿಯಾದರೆ 3×3 ಅಡಿಯ ತುಂಡನ್ನು ಕಟ್ಟಿಸಿ ಏಳು ದಿನ ನೀರುಣಿಸಿ. ಮೇಸ್ತ್ರಿಯ ಕೈಗೆ ಸಾಲು ಸರಿಯಾಗಿ ಬರುತ್ತದೆಯೇ, ಇಟ್ಟಿಗೆಯ ಅಂಚು ಒಡೆಯುತ್ತದೆಯೇ ಅಲ್ಲೇ ಗೊತ್ತಾಗುತ್ತದೆ. ಬೆಳಕಿಂಡಿಯನ್ನು ಮಾತ್ರ ಹೀಗೆ ಮಾಡಿ ನೋಡಲು ಆಗುವುದಿಲ್ಲ. ಅದರ ಜಾಗ ಮೋಲ್ಡ್ ಹಾಕುವ ಮುಂಚೆ ನಕ್ಷೆಯಲ್ಲಿರಬೇಕು, ಸುತ್ತ ಹೆಚ್ಚಿನ ಕಂಬಿ ಕಟ್ಟಿರಬೇಕು. ಮೋಲ್ಡ್ ಆದ ಮೇಲೆ ಕೊರೆದರೆ ಕಂಬಿ ತುಂಡಾಗುತ್ತದೆ, ಯಾವ ಇಂಜಿನಿಯರೂ ಅದಕ್ಕೆ ಸಹಿ ಹಾಕಬಾರದು.